ಸೋಮವಾರ, ತಾರಸಿಯಲ್ಲಿ

ಸೋಮವಾರ ನಮ್ಮ ರೆಸ್ಟೋರೆಂಟಿಗೆ ರಜೆ.
ಉಳಿದ ಆರು ದಿನ ನಾನು ಬಲ್ಮಠದ ಏರಿನಲ್ಲಿ
ಎರಡನೇ ಮಾಳಿಗೆಯ ಹಳದಿ ದೀಪದಡಿ
ಜನರ ಬಲಗಡೆಯಿಂದ ಗ್ಲಾಸಿಗೆ ಬಗ್ಗುವವನು.
ಬಾಟಲಿಯ ಕುತ್ತಿಗೆಗೆ ಬಿಳಿ ಬಟ್ಟೆ,
ಕೊನೆಯ ಹನಿ ಬೀಳುವ ಮೊದಲು
ಮಣಿಕಟ್ಟು ಒಂದಿಷ್ಟು ತಿರುಗಬೇಕು.
ಇಪ್ಪತ್ತೆರಡು ವರ್ಷದಲ್ಲಿ ಒಂದೇ ಸಲ ಚೆಲ್ಲಿದ್ದು,
ಅದೂ ಮದುಮಗಳೊಬ್ಬಳು ಥಟ್ಟನೆ ನಕ್ಕದ್ದಕ್ಕೆ.

ಮೊನ್ನೆ ಏಳನೇ ಮೇಜಿನವರು
ಗ್ಲಾಸು ಗಿರಗಿರ ತಿರುಗಿಸಿ, ಮೂಗು ಇಳಿಸಿ,
ಕಣ್ಣು ಮುಚ್ಚಿ ಹೇಳಿದರು:
"ಒದ್ದೆ ಮಣ್ಣು. ಹೊಗೆಸೊಪ್ಪು. ಹಳೇ ಮರದ ಪೆಟ್ಟಿಗೆ."
ಅವರ ಹೆಂಡತಿ ಫೋನು ನೋಡುತ್ತಿದ್ದರು.
"ಹೌದು ಸರ್" ಎಂದೆ.
ಹೌದು ಎನ್ನುವುದು ಸಂಬಳದಲ್ಲೇ ಸೇರಿದೆ.
ಆದರೆ ರಾತ್ರಿ, ತಟ್ಟೆಗಳೆಲ್ಲ ತೊಳೆದಾದ ಮೇಲೆ,
ತಳದಲ್ಲುಳಿದ ಎರಡು ಗುಟುಕು ನಾನೂ ನೋಡಿದೆ.
ಒದ್ದೆ ಮಣ್ಣು ಸುಳ್ಳಲ್ಲ.

ನನ್ನಜ್ಜ ಐತಪ್ಪ ಪೂಜಾರಿ
ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ,
ದಿನಕ್ಕೆರಡು ಹೊತ್ತು ಹದಿನೆಂಟು ಮರ.
ಯಾರಾದರೂ ಕಳ್ಳು ಕೊಟ್ಟು ಪರೀಕ್ಷೆ ಮಾಡಿದರೆ
ನಾಲಗೆಯ ಮೇಲೆ ಗಳಿಗೆ ಹೊತ್ತು ನಿಲ್ಲಿಸಿ,
"ಇದು ಬಾವಿಕಟ್ಟೆಯ ಮರ.
ಇದು ಹೊಳೆಬದಿಯ ಓರೆ ಮರ, ಬೇರಿಗೆ ಉಪ್ಪುನೀರು ತಾಗ್ತದೆ.
ಇದರಲ್ಲಿ ಎರಡು ಮರ ಬೆರೆಸಿದ್ದೀರಿ, ಕಳ್ಳರು ನೀವು."
ಅಜ್ಜನಿಗೆ ಯಾರೂ ಹೌದು ಸರ್ ಅನ್ನಲಿಲ್ಲ.
ಸರಿಯಾಗಿ ಹೇಳಿದ ಮೇಲೂ
ನಾಲ್ಕಾಣೆ ಕಡಿಮೆ ಮಾಡು ಎಂದರು.

ಇರಲಿ.

ಬೆಳಿಗ್ಗೆ ಧಕ್ಕೆಯಲ್ಲಿ ಬಂಗುಡೆ
ನೂರಕ್ಕೆ ಏಳೆಂದಳು, ಬೈದುಕೊಂಡು ಎಂಟು ಕೊಟ್ಟಳು.
ಕಣ್ಣುಗಳು ಇನ್ನೂ ನನ್ನ ಗುರುತು ಹಿಡಿಯುವಂತಿದ್ದವು.
ವಾರಿಜ ಅರೆದ ಕೆಂಪು ಮಸಾಲೆ
ಗೀರುಗೀರಿನೊಳಗೆ ಹೆಬ್ಬೆರಳಲ್ಲಿ ಒತ್ತಿ,
ಮೇಸ್ತ್ರಿ ಬಿಟ್ಟುಹೋದ ನಾಲ್ಕು ಮುರಕಲ್ಲು,
ಮೇಲೆ ತಂತಿಯ ಜಾಲರಿ, ಕೆಳಗೆ ತೆಂಗಿನ ಗೆರಟೆ.
ಇಷ್ಟೇ.
ಸುಡುವುದಕ್ಕೆ ಪಾಕಶಾಸ್ತ್ರ ಬೇಡ,
ಉರಿ ಸಾಯಲಿ ಎಂದು ಕಾಯುವ ತಾಳ್ಮೆ ಬೇಕು.
ಕೆಂಡ ಬೂದಿ ಹೊದ್ದ ಮೇಲೆ ಮೀನು ಇಡು,
ಇಟ್ಟ ಮೇಲೆ ಮುಟ್ಟಬೇಡ.
ತಾನಾಗಿ ಜಾಲರಿ ಬಿಟ್ಟಾಗ ಮಗುಚು.
ಅಂಟಿಕೊಂಡಿದ್ದರೆ
ಅದರ ಮಾತಿನ್ನೂ ಮುಗಿದಿಲ್ಲ.

ಕೆಳಮನೆಯ ಸೆವ್ರಿನ್ ಬಾಯಿ
ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.
"ನಿಮ್ಮ ಹೊಗೆ ನಮ್ಮ ಒಗೆದ ಬಟ್ಟೆಗೆಲ್ಲ.
ದಂಡ ಎರಡು ಮೀನು."
ಕಂಕುಳಲ್ಲಿ ಹಾರ್ಲಿಕ್ಸ್ ಬಾಟಲಿ,
ಕ್ರಿಸ್ಮಸ್ಸಿನಲ್ಲಿ ಉಳಿದ ವೈನು:
ಕಪ್ಪು ದ್ರಾಕ್ಷಿ, ಸಕ್ಕರೆ, ಹಿಡಿ ಗೋಧಿ, ನಲವತ್ತು ದಿನ.

ಮೂರು ಸ್ಟೀಲ್ ಲೋಟ.
ನಾನು ಎಡಗೈ ಬೆನ್ನ ಹಿಂದೆ ಕಟ್ಟಿ
ಬಲಗಡೆಯಿಂದ ಬಗ್ಗಿ
ಮಣಿಕಟ್ಟು ತಿರುಗಿಸಿದೆ.
ಅಗಲ ಬಾಯಿಯ ಬಾಟಲಿ. ಚೆಲ್ಲಿತು.
"ಕೂತ್ಕೊಳ್ಳಿ ಮಾರಾಯ್ರೆ," ಅಂದಳು ವಾರಿಜ,
"ಇಲ್ಲಿ ಟಿಪ್ಸ್ ಕೊಡುವವರು ಯಾರೂ ಇಲ್ಲ."

ಕೂತೆ. ಪ್ಲಾಸ್ಟಿಕ್ ಸ್ಟೂಲು, ಮೊಣಕಾಲು ಎದೆಯ ಹತ್ತಿರ.
ಎಷ್ಟು ಸಾವಿರ ಜನರಿಗೆ ಕುರ್ಚಿ ಎಳೆದಿದ್ದೇನೆ,
ಕೂರುವುದು ಹೇಗೆಂದು ಬೆನ್ನಿಗೆ ಗೊತ್ತಿಲ್ಲ.
ಬಂಗುಡೆಯ ಹೊಟ್ಟೆಯ ಭಾಗ, ಎಣ್ಣೆ ಜಿನುಗುವಲ್ಲಿ,
ಬೆರಳಿಂದಲೇ ಬಿಡಿಸಿ ಊದಿ ಬಾಯಿಗಿಟ್ಟೆ.
ಹುಳಿ, ಖಾರ, ಕರಿದ ಚರ್ಮದ ಕಹಿ;
ಅದರ ಬೆನ್ನಿಗೆ ಆ ಸಿಹಿ, ಒರಟು, ಲವಂಗದ ವೈನು.
ಯಾವ ಮೆನುವಿನಲ್ಲೂ ಈ ಜೋಡಿ ಬರೆಯಲಾರರು.

ಕಣ್ಣು ಮುಚ್ಚಿದೆ. ಮೂಗು ಇಳಿಸಿದೆ.
"ಭರಣಿ ಅಡುಗೆಮನೆಯ ಕತ್ತಲೆ ಮೂಲೆಯಲ್ಲಿತ್ತು"
ಎಂದೆ, ಅಜ್ಜನ ಗಂಟಲಿನಲ್ಲಿ.

"ಮಂಚದಡಿ," ಎಂದರು ಸೆವ್ರಿನ್ ಬಾಯಿ ಮುಳ್ಳು ತೆಗೆಯುತ್ತ,
"ಅಡುಗೆಮನೆಯಲ್ಲಿಟ್ಟರೆ ನಮ್ಮವರು
ನಲವತ್ತು ದಿನ ಬಿಡ್ತಾರಾ?"

ವಾರಿಜ ನಕ್ಕು ಕೆಮ್ಮಿ ಮತ್ತೆ ನಕ್ಕಳು.
ಕೆಂಡದ ಮೇಲೆ ಒಂದು ಮೀನು ಉಳಿದಿತ್ತು.
ಜಾಲರಿ ಬಿಟ್ಟಿರಲಿಲ್ಲ.
ಲೋಟ ಹಿಡಿದು
ಕಾದೆವು.